ಎದೆಯ ಮೇಲೆ ಗುಂಪಾಗಿ ಎದ್ದ ಕುರುಗಳು: ನಿಮ್ಮ ಅನುಭವ ತಿಳಿಸಿ

ಕೇಳಿದವರು, ದಾವಣಗೆರೆ:
ನನ್ನ ಪತಿಗೆ 43 ವರ್ಷ. ಹತ್ತು ದಿನಗಳಿಂದ ಎದೆಯ ನಡುವೆ ಐದಾರು ಕುರುಗಳು ಒಂದಕ್ಕೊಂದು ಅಂಟಿಕೊಂಡಂತೆ ಎದ್ದಿವೆ. ಅಂಗಿ ತಾಗಿದರೂ ನೋವು. ಅತ್ತೆ ಸುಣ್ಣ-ಬೆಲ್ಲ ಹಚ್ಚಲು ಹೇಳುತ್ತಾರೆ. ಔಷಧಿ ಅಂಗಡಿಯವರು ಒಂದು ಟ್ಯೂಬ್ ಕೊಟ್ಟಿದ್ದಾರೆ. ಮಾವಿನ ಹಣ್ಣಿನ ಉಷ್ಣವೆಂದು ಸುಮ್ಮನಿರಬಹುದೇ?

ರಾಯಚೂರಿನಿಂದ:
ದಯವಿಟ್ಟು ಸುಮ್ಮನಿರಬೇಡಿ. ನಾಲ್ಕು ವರ್ಷದ ಹಿಂದೆ ನನಗೂ ಇದೇ ಜಾಗದಲ್ಲಿ ಎದ್ದಿದ್ದವು. ನಾನೂ ಉಷ್ಣವೆಂದುಕೊಂಡು ಮಜ್ಜಿಗೆ, ಕಾಮಕಸ್ತೂರಿ ಬೀಜದ ನೀರು ಕುಡಿಯುತ್ತಾ ಕುಳಿತೆ. ಸುಣ್ಣ-ಬೆಲ್ಲ ಹಚ್ಚಿದೆ, ಸುಣ್ಣಕ್ಕೆ ಚರ್ಮ ಸುಟ್ಟು ಕುರುವಿನ ಸುತ್ತ ಇನ್ನೊಂದು ಗಾಯವಾಯಿತು. ಒಂದು ರಾತ್ರಿ ತಾಳಲಾರದೆ ಕನ್ನಡಿಯ ಮುಂದೆ ನಿಂತು ಎರಡು ಹೆಬ್ಬೆರಳಿನಿಂದ ಹಿಸುಕಿದೆ. ಕೀವು ಒಂದು ಬಾಯಿಯಿಂದ ಬರಲಿಲ್ಲ, ಜರಡಿಯಿಂದ ಬಂದಂತೆ ನಾಲ್ಕೈದು ಕಡೆ ಜಿನುಗಿತು. ಬೆಳಗಾಗುವಷ್ಟರಲ್ಲಿ ಜ್ವರ, ಅಂಗೈಯಗಲ ಕೆಂಪು.

ಚರ್ಮವೈದ್ಯರು ನೋಡಿದೊಡನೆ ಕಾರ್ಬಂಕಲ್ ಎಂದರು. ಮೇಲೆ ಬೇರೆ ಬೇರೆಯಾಗಿ ಕಂಡರೂ ಚರ್ಮದ ಕೆಳಗೆ ಒಂದಾಗಿ ಸೇರಿಕೊಂಡ ಕುರುಗಳ ಗುಂಪು ಅದು. ಹೆಚ್ಚಾಗಿ ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾ ಕೂದಲ ಬುಡಕ್ಕೆ ಇಳಿದು ಆಗುತ್ತದೆ. ಹಿಸುಕಿದರೆ ಸೋಂಕು ಒಳಕ್ಕೂ ನುಗ್ಗುತ್ತದೆ. ಅವರು ಔಷಧಿಗಿಂತ ಮೊದಲು ಬರೆದದ್ದು ರಕ್ತದ ಸಕ್ಕರೆ ಪರೀಕ್ಷೆ. ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಶೇ 6.5 ತಲುಪಿದರೆ ಮಧುಮೇಹವೆಂದು ಲೆಕ್ಕ; ನನ್ನದು 9.2 ಇತ್ತು. ಮಧುಮೇಹ ಇರುವುದೇ ನನಗೆ ಗೊತ್ತಿರಲಿಲ್ಲ, ಕುರುಗಳಿಂದ ಗೊತ್ತಾಯಿತು. ನಿಮ್ಮ ಪತಿಗೂ ಮೊದಲು ಅದನ್ನು ಮಾಡಿಸಿ ಎಂದು ಕೈಮುಗಿದು ಕೇಳುತ್ತೇನೆ.

ಮರಗಟ್ಟುವ ಚುಚ್ಚುಮದ್ದು ಕೊಟ್ಟು ಕೀವು ತೆಗೆದರು. ಯಾವ ಆಂಟಿಬಯಾಟಿಕ್ ನಾಟುತ್ತದೆಂದು ತಿಳಿಯಲು ಸ್ವಲ್ಪ ಕೀವನ್ನು ಪ್ರಯೋಗಾಲಯಕ್ಕೆ ಕಳುಹಿಸಿದರು. ಎದೆಯ ನಡುವಿನ ಚರ್ಮ ಗಾಯವಾದರೆ ಗಂಟುಕಟ್ಟಿ ಬೆಳೆಯುವ ಜಾಗ, ಆ ಗಂಟಿಗೆ ಕೆಲಾಯ್ಡ್ ಎನ್ನುತ್ತಾರೆ. ನನಗೆ ಅಲ್ಲಿ ಹುಣಸೆಬೀಜದಷ್ಟು ನುಣುಪಾದ ಗಂಟು ಉಳಿದಿದೆ. ಬೆವರಿದಾಗ ತುರಿಸುತ್ತದೆ.

ವೈದ್ಯರ ಬಳಿ ಹೋಗುವವರೆಗೆ ಬಿಸಿನೀರಿನಲ್ಲಿ ಹಿಂಡಿದ ಶುಭ್ರ ಬಟ್ಟೆಯನ್ನು ದಿನಕ್ಕೆ ಮೂರು ನಾಲ್ಕು ಬಾರಿ, ಹತ್ತು ಹದಿನೈದು ನಿಮಿಷ ಇಡಿ. ಜ್ವರ ಬಂದರೆ ಅಥವಾ ಕೆಂಪು ಹರಡಿದರೆ ಒಂದು ದಿನವೂ ಕಾಯಬೇಡಿ.

ಪುತ್ತೂರಿನಿಂದ:
ಒಳಗಿರುವುದು ಕೀವೋ ನೀರೋ ಎಂದು ನೋಡಿ. ನನ್ನ ತಂದೆಗೆ ಎದೆಯ ಒಂದೇ ಪಕ್ಕದಲ್ಲಿ ಪಟ್ಟಿಯಂತೆ ನೀರುಗುಳ್ಳೆಗಳು ಎದ್ದಿದ್ದವು, ಏಳುವ ಮೊದಲೇ ಉರಿ ಶುರುವಾಗಿತ್ತು. ಅದು ಸರ್ಪಸುತ್ತು, ಸಿಡುಬಿನಂಥ ಚುಕ್ಕೆ ಬರುವ ಚಿಕನ್‌ಪಾಕ್ಸ್‌ನ ವೈರಸ್ಸೇ ಮತ್ತೆ ಎದ್ದದ್ದು. ತಲೆ ಬಾಲ ಕೂಡಿದರೆ ಸಾವು ಎಂಬ ಹೆದರಿಕೆಯಲ್ಲಿ, ಕೆಮ್ಮಣ್ಣು ಬಳಿಯುವುದರಲ್ಲಿ ಐದು ದಿನ ಕಳೆದೆವು. ವೈರಸ್ ತಡೆಯುವ ಮಾತ್ರೆಯನ್ನು ಗುಳ್ಳೆ ಎದ್ದ 72 ಗಂಟೆಯೊಳಗೆ ಶುರುಮಾಡಿದರೆ ಒಳ್ಳೆಯದಿತ್ತು. ಗುಳ್ಳೆ ಮಾಯವಾಗಿ ತಿಂಗಳುಗಳಾದ ಮೇಲೂ ಅವರಿಗೆ ಉರಿ ಉಳಿದಿತ್ತು.

ಬೆಂಗಳೂರಿನಿಂದ:
ನಮ್ಮ ಮನೆಯಲ್ಲಿ ಒಬ್ಬರಾದ ಮೇಲೆ ಒಬ್ಬರಿಗೆ ಕುರು ಬರುತ್ತಿತ್ತು. ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾ ಹಲವರ ಮೂಗಿನೊಳಗೆ ತಂಗಿರುತ್ತದೆ. ವೈದ್ಯರು ಮೂಗಿಗೆ ಮ್ಯುಪಿರೋಸಿನ್ ಮುಲಾಮು ಕೊಟ್ಟರು. ಟವೆಲ್, ರೇಜರ್ ಬೇರೆ ಮಾಡಿದೆವು. ಆಮೇಲೆ ಬಂದಿಲ್ಲ.

ಕೇಳಿದವರು:
ಎಲ್ಲರಿಗೂ ಧನ್ಯವಾದ. ಒಳಗೆ ಕೀವೇ ಇದೆ. ನಾಳೆ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಟ್ಟು ವೈದ್ಯರ ಬಳಿ ಹೋಗುತ್ತೇವೆ. ಟ್ಯೂಬಿನ ಮೇಲೆ ಕ್ಲೊಬೆಟಸಾಲ್ ಎಂದಿದೆ, ಅಲ್ಲಿಯವರೆಗೆ ಹಚ್ಚಬಹುದೇ?

ರಾಯಚೂರಿನಿಂದ:
ಬೇಡ. ಅದು ಬಲವಾದ ಸ್ಟಿರಾಯ್ಡ್. ಕೆಂಪು ಇಳಿದಂತೆ ತೋರಿಸಿ ಒಳಗೆ ಸೋಂಕನ್ನು ಬೆಳೆಯಬಿಡುತ್ತದೆ. ಟ್ಯೂಬನ್ನು ಎಸೆಯದೆ ಜೊತೆಗೆ ಒಯ್ಯಿರಿ, ಎಷ್ಟು ದಿನ ಹಚ್ಚಿದಿರಿ ಎಂದು ವೈದ್ಯರಿಗೆ ಹೇಳಿ.