ಕಳಚಿ ತಂದ ಕಪಾಟುಗಳಿಂದ ಅಡುಗೆಮನೆ: ಮಾಡಿ ನೋಡಿದವರ ಅನುಭವ

ಪ್ರಶ್ನೆ: ನಮ್ಮ ಅಡುಗೆಮನೆಯ ಕಪಾಟುಗಳು ಶಿಥಿಲವಾಗಿವೆ. ಎಲ್ಲವನ್ನೂ ಹೊಸದಾಗಿ ಮಾಡಿಸುವಷ್ಟು ಹಣ ಕೈಯಲ್ಲಿಲ್ಲದ ಕಾರಣ, ಬೇರೆ ಮನೆಗಳಲ್ಲಿ ಬಳಸಿದ ಕಪಾಟು, ಸಿಂಕ್ ಮತ್ತು ಕಲ್ಲಿನ ಹಾಸನ್ನು ಕೊಂಡು ಜೋಡಿಸಬೇಕೆಂದಿದ್ದೇವೆ. ಮೊದಲು ನಕ್ಷೆ ಮಾಡಿಸಬೇಕೇ, ವಸ್ತುಗಳನ್ನು ಹುಡುಕಬೇಕೇ? ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಒಬ್ಬರ ಉತ್ತರ: ಅಳತೆ ಮೊದಲು, ವಸ್ತು ಆಮೇಲೆ, ನಕ್ಷೆ ಕೊನೆಗೆ ಎಂಬುದು ನಾನು ಕಂಡುಕೊಂಡ ಕ್ರಮ. ನಾವು ನಕ್ಷೆಯನ್ನೇ ಮೊದಲು ಮಾಡಿಸಿ, ಅದರಲ್ಲಿದ್ದ 45 ಸೆಂಟಿಮೀಟರ್ ಅಗಲದ ಒಂದು ಕಪಾಟಿಗಾಗಿ ತಿಂಗಳುಗಟ್ಟಲೆ ಹುಡುಕಿ, ಕೊನೆಗೆ ಅದನ್ನು ಹೊಸದಾಗಿಯೇ ಮಾಡಿಸಬೇಕಾಯಿತು. ಗೋಡೆಗಳು ನೇರವಾಗಿರುವುದು ಅಪರೂಪ; ಆದ್ದರಿಂದ ನೆಲದ ಬಳಿ, ಕಟ್ಟೆಯ ಮಟ್ಟದಲ್ಲಿ ಮತ್ತು ಮೇಲ್ಗಪಾಟಿನ ಎತ್ತರದಲ್ಲಿ ಬೇರೆಬೇರೆಯಾಗಿ ಅಳೆದು, ಅವುಗಳಲ್ಲಿ ಚಿಕ್ಕದಾದ ಅಳತೆಯನ್ನೇ ನಂಬಿ. ಸಿಂಕಿನ ಜಾಗವನ್ನು ಮಾತ್ರ ಬದಲಿಸಬೇಡಿ. ನೀರು ಹೊರಹೋಗುವ ಕೊಳವೆಗೆ ಪ್ರತಿ ಮೀಟರಿಗೆ ಸುಮಾರು 2 ಸೆಂಟಿಮೀಟರ್ ಇಳಿಜಾರು ಬೇಕಾಗುವುದರಿಂದ, ಸಿಂಕನ್ನು ದೂರ ಸರಿಸಿದರೆ ನೆಲ ಅಗೆಯುವ ಕೆಲಸ ಬಂದು, ಹಳೆಯ ವಸ್ತುವಿನಿಂದ ಉಳಿಸಿದ ಹಣವೆಲ್ಲ ಅಲ್ಲಿಗೇ ಹೋಗುತ್ತದೆ.

ಕಪಾಟನ್ನು ನೋಡಲು ಹೋದಾಗ ಬಾಗಿಲಿನ ಹೊಳಪಿಗೆ ಮರುಳಾಗದೆ, ಸಿಂಕಿನ ಕೆಳಗಿದ್ದ ಕಪಾಟಿನ ತಳವನ್ನು ಮೊದಲು ಕೈಯಿಂದ ತಡವಿ ನೋಡಿ. ಮರದ ಪುಡಿಯನ್ನು ಅಂಟಿನಿಂದ ಒತ್ತಿ ಮಾಡಿದ ಹಲಗೆ ಒಮ್ಮೆ ನೀರು ಕುಡಿದು ಉಬ್ಬಿದರೆ ಒಣಗಿದ ಮೇಲೂ ಮೊದಲಿನಂತಾಗುವುದಿಲ್ಲ, ತಿರುಪು ಹಿಡಿಯುವ ಬಲವೂ ಅದಕ್ಕೆ ಉಳಿದಿರುವುದಿಲ್ಲ. ಮೂಲೆಗಳಲ್ಲಿ ಹಿಟ್ಟಿನಂಥ ಪುಡಿ ಉದುರಿದ್ದರೆ ಹುಳು ಹೊಕ್ಕಿರಬಹುದು. ಅಂಥದ್ದನ್ನು ಉಚಿತವಾಗಿ ಕೊಟ್ಟರೂ ಮನೆಗೆ ತರಬಾರದು. ಸಡಿಲವಾದ ಹಿಂಜುಗಳ ಬಗ್ಗೆ ಮಾತ್ರ ಚಿಂತೆ ಬೇಡ, ಏಕೆಂದರೆ ಈಗಿನ ಬಹುತೇಕ ಕಪಾಟಿನ ಬಾಗಿಲುಗಳಲ್ಲಿ ಹಿಂಜ್ ಕೂರುವ ಗುಂಡಿಯ ವ್ಯಾಸ 35 ಮಿಲಿಮೀಟರ್ ಇರುವುದರಿಂದ ಹೊಸವು ಸುಲಭವಾಗಿ ಹೊಂದುತ್ತವೆ. ಎರಡು ಮನೆಗಳ ಕಪಾಟುಗಳ ಎತ್ತರ ಬೇರೆಯಾಗಿದ್ದರೆ ಕೆಳಗಿನ ಪೀಠವನ್ನು ಹೆಚ್ಚುಕಡಿಮೆ ಮಾಡಿ ಸರಿಪಡಿಸಬಹುದು. ಕಟ್ಟೆ ಸಾಮಾನ್ಯವಾಗಿ 85ರಿಂದ 90 ಸೆಂಟಿಮೀಟರ್ ಎತ್ತರವಿರುತ್ತದೆಯಾದರೂ, ಅಲ್ಲಿ ದಿನವೂ ನಿಂತು ಕೆಲಸ ಮಾಡುವವರ ಮೊಣಕೈಗಿಂತ ಸುಮಾರು 10 ಸೆಂಟಿಮೀಟರ್ ಕೆಳಗಿದ್ದರೆ ಬೆನ್ನಿಗೆ ಹಿತ.

ಇನ್ನೊಬ್ಬರು: ಅಳತೆಯಾದ ಕೂಡಲೇ ವಸ್ತು ಹುಡುಕಬೇಕೆಂಬ ಮೇಲಿನ ಮಾತು ಕಪಾಟುಗಳಿಗೆ ಸರಿ, ಕಟ್ಟೆಯ ಕಲ್ಲಿನ ವಿಷಯದಲ್ಲಿ ಅನ್ವಯಿಸದು. ಕಪಾಟುಗಳು ನಿಂತು, ಸಿಂಕ್ ಕೈಗೆ ಬಂದ ಮೇಲೆಯೇ ಕಲ್ಲನ್ನು ಕೊಳ್ಳಬೇಕು. ಕಲ್ಲಿನಲ್ಲಿ ಕೊರೆದ ರಂಧ್ರವನ್ನು ದೊಡ್ಡದು ಮಾಡಬಹುದೇ ಹೊರತು ಚಿಕ್ಕದು ಮಾಡಲಾಗದು. ನಾವು ಕೊಂಡ ಗ್ರಾನೈಟ್ ಹಾಸನ್ನು ವಾಹನದಲ್ಲಿ ಅಡ್ಡಲಾಗಿ ಮಲಗಿಸಿ ತಂದಾಗ, ಸಿಂಕಿನ ರಂಧ್ರದ ಪಕ್ಕದ ಕಿರಿದಾದ ಭಾಗದಲ್ಲೇ ಅದು ಮುರಿಯಿತು. ಕಲ್ಲನ್ನು ಯಾವಾಗಲೂ ಅಂಚಿನ ಮೇಲೆ ನಿಲ್ಲಿಸಿ, ಒರಗಿಸಿ ಕಟ್ಟಿ ಸಾಗಿಸಬೇಕು. ಸಾಧ್ಯವಾದರೆ ರಂಧ್ರವಿಲ್ಲದ ತುಂಡನ್ನೇ ಆರಿಸಿಕೊಳ್ಳಿ.

ಮತ್ತೊಬ್ಬರು: ಅನಿಲದ ರಬ್ಬರ್ ಕೊಳವೆ, ರೆಗ್ಯುಲೇಟರ್, ವಿದ್ಯುತ್ ತಂತಿ ಮತ್ತು ಸ್ವಿಚ್ಚುಗಳನ್ನು ಹಳೆಯದಾಗಿ ಕೊಳ್ಳಲೇಬೇಡಿ. ಇವುಗಳಿಗೆ ಬೇಕಾದ ಹಣವನ್ನು ಮೊದಲೇ ತೆಗೆದಿಟ್ಟು, ಉಳಿದುದರಲ್ಲಿ ಕಪಾಟಿನ ಲೆಕ್ಕ ಹಾಕುವುದು ಕ್ಷೇಮ. ಫ್ರಿಜ್ ಕೊಳ್ಳುವುದಾದರೆ ಅದರ ಬಾಗಿಲಿಗೆ ಒಂದು ಕಾಗದ ಸಿಕ್ಕಿಸಿ ಎಳೆದು ನೋಡಿ; ಸಲೀಸಾಗಿ ಜಾರಿ ಬಂದರೆ ಬಾಗಿಲಿನ ರಬ್ಬರು ಸವೆದಿದೆ ಎಂದರ್ಥ. ಬಹಳ ಹಳೆಯ ಬಣ್ಣದಲ್ಲಿ ಸೀಸವಿರಬಹುದಾದ್ದರಿಂದ, ಪರೀಕ್ಷಿಸದೆ ಮರಳುಕಾಗದದಿಂದ ಒಣದಾಗಿ ಉಜ್ಜಬಾರದು. ಆ ಧೂಳು ಮಕ್ಕಳಿಗೆ ವಿಶೇಷವಾಗಿ ಅಪಾಯಕಾರಿ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಕೃತಜ್ಞತೆಗಳು. ಒಂದು ಮನೆಯವರು ಮುಂದಿನ ವಾರ ತಮ್ಮ ಕಪಾಟುಗಳನ್ನು ಕಳಚಿಸುತ್ತಿದ್ದಾರೆ. ಆಗ ನಾನು ಏನೇನು ಗಮನಿಸಬೇಕು?

ಮೊದಲು ಉತ್ತರಿಸಿದವರು: ಕಳಚುವ ಮುನ್ನವೇ ಹೋಗಿ, ಕಪಾಟುಗಳು ಗೋಡೆಯ ಮೇಲಿರುವಾಗಲೇ ಚಿತ್ರ ತೆಗೆದುಕೊಳ್ಳಿ. ಪ್ರತಿ ಬಾಗಿಲಿಗೂ ಅದರ ಕಪಾಟಿಗೂ ಒಂದೇ ಸಂಖ್ಯೆ ಬರೆದು, ತಿರುಪುಗಳನ್ನು ಅದೇ ಸಂಖ್ಯೆಯ ಚೀಲದಲ್ಲಿ ಹಾಕಿಡಿ. ನಿಮ್ಮ ಕೆಲಸ ಮಾಡುವ ಬಡಗಿಯನ್ನೂ ಜೊತೆಗೆ ಕರೆದೊಯ್ಯಿರಿ.