ತರಬೇತಿಯ ನಡುವೆಯೇ ವೈದ್ಯಕೀಯ ಕಾರಣ ನೀಡಿ ಸೇನೆಯಿಂದ ಬಿಡುಗಡೆ: ಮೇಲ್ಮನವಿ ಎಲ್ಲಿ ಸಲ್ಲಿಸಬೇಕು?

ಪ್ರಶ್ನೆ (ತುಂಗಾತೀರ)

ನನ್ನ ತಮ್ಮ ಅಗ್ನಿವೀರನಾಗಿ ಆಯ್ಕೆಯಾಗಿ ರೆಜಿಮೆಂಟೊಂದರ ತರಬೇತಿ ಕೇಂದ್ರದಲ್ಲಿದ್ದನು. ಕಸಂ ಪರೇಡಿಗೆ (ಪ್ರಮಾಣವಚನದ ಪರೇಡಿಗೆ) ಕೆಲವೇ ವಾರಗಳು ಉಳಿದಿದ್ದಾಗ, ರಾತ್ರಿಯಿಡೀ ನಡೆದ ರೂಟ್ ಮಾರ್ಚ್ ಮುಗಿಸಿ ಬಂದ ಬೆಳಿಗ್ಗೆ ಮೈದಾನದಲ್ಲಿ ಕುಸಿದು ಬಿದ್ದನು. ಕೈಕಾಲು ಸೆಟೆದು ಫಿಟ್ಸ್ ಬಂದಿತ್ತೆಂದು ಅವನ ಜೊತೆಗಾರರು ಹೇಳುತ್ತಾರೆ. ಸೇನಾ ಆಸ್ಪತ್ರೆಯಲ್ಲಿ ಎಂಆರ್‌ಐ ಮತ್ತು ಇಇಜಿ (ಮೆದುಳಿನ ವಿದ್ಯುತ್ ಅಲೆಗಳ ಪರೀಕ್ಷೆ) ಮಾಡಿಸಿದರು. ಎಂಆರ್‌ಐ ಸಹಜವಾಗಿತ್ತು, ಇಇಜಿಯಲ್ಲಿ ಏನೋ ಸಣ್ಣ ವ್ಯತ್ಯಾಸವಿದೆಯೆಂದು ಬರೆದಿದ್ದಾರೆ. ಬಳಿಕ ಮೆಡಿಕಲ್ ಬೋರ್ಡ್ ಕುಳಿತು ಅವನನ್ನು ಸೇವೆಗೆ ಅನರ್ಹನೆಂದು ತೀರ್ಮಾನಿಸಿತು. ಅವನು ಈಗ ಮನೆಯಲ್ಲಿದ್ದಾನೆ, ಮಾತ್ರೆ ತೆಗೆದುಕೊಳ್ಳುತ್ತಿದ್ದಾನೆ, ಮತ್ತೊಮ್ಮೆ ಫಿಟ್ಸ್ ಬಂದಿಲ್ಲ.

ಕೈಗೆ ಸಿಕ್ಕಿರುವ ಒಂದೇ ಹಾಳೆಯಲ್ಲಿ, ರೋಗವು ಸೇವೆಯಿಂದ ಉಂಟಾದದ್ದೂ ಅಲ್ಲ, ಸೇವೆಯಿಂದ ಉಲ್ಬಣಗೊಂಡದ್ದೂ ಅಲ್ಲ ಎಂದಿದೆ. ಕಾರಣದ ಅಂಕಣದಲ್ಲಿ ‘ಶಾಂತಿ ಪ್ರದೇಶದಲ್ಲಿ (ಯುದ್ಧಭೂಮಿಯಲ್ಲದ ಕಡೆ) ಆರಂಭ, ಸೇವೆಯ ಒತ್ತಡದೊಂದಿಗೆ ನಿಕಟ ಸಂಬಂಧವಿಲ್ಲ’ ಎಂಬ ಅರ್ಥದ ಒಂದೇ ಸಾಲಿದೆ. ಸೇರುವಾಗ ನಡೆದ ವೈದ್ಯಕೀಯ ತಪಾಸಣೆಯಲ್ಲಿ ಅವನು ಪೂರ್ಣ ಅರ್ಹನಾಗಿದ್ದನು, ನಮ್ಮ ಮನೆತನದಲ್ಲಿ ಯಾರಿಗೂ ಈ ಕಾಯಿಲೆಯಿಲ್ಲ. ಇದನ್ನು ಪ್ರಶ್ನಿಸಲು ಸಾಧ್ಯವೇ? ಅವನಿಗೆ ಮರಳಿ ತರಬೇತಿಗೆ ಹೋಗುವ ಆಸೆ, ತಂದೆಯವರಿಗೆ ಪರಿಹಾರವಾದರೂ ಸಿಗಲಿ ಎಂಬ ಆಸೆ. ಬಲ್ಲವರು ದಾರಿ ತೋರಿಸಬೇಕಾಗಿ ವಿನಂತಿ.

ಉತ್ತರ (ಹಳೆಯ ರೆಕಾರ್ಡ್ ಕ್ಲರ್ಕ್)

ನಾನು ಸೈನಿಕರ ಸೇವಾ ದಾಖಲೆಗಳನ್ನು ಇಡುವ ರೆಕಾರ್ಡ್ ಆಫೀಸಿನಲ್ಲಿ ಬಹುಕಾಲ ಇಂಥ ಕಡತಗಳನ್ನೇ ನೋಡಿದವನು. ಮೊದಲು ಒಂದು ವಿಷಯವನ್ನು ಮನೆಯವರೆಲ್ಲ ಕುಳಿತು ತೀರ್ಮಾನಿಸಿಕೊಳ್ಳಿ. ನಿಮ್ಮ ತಮ್ಮನ ಆಸೆ ಮತ್ತು ತಂದೆಯವರ ಆಸೆ ಎರಡು ಬೇರೆ ಬೇರೆ ಬೇಡಿಕೆಗಳು, ಅವುಗಳ ವಾದವೂ ಬೇರೆ. ಮರಳಿ ಸೇರಬೇಕೆನ್ನುವವನು ‘ನನಗೆ ಈ ರೋಗವೇ ಇಲ್ಲ, ರೋಗನಿರ್ಣಯ ತಪ್ಪು’ ಎಂದು ತೋರಿಸಬೇಕು. ಪರಿಹಾರ ಕೇಳುವವನು ‘ರೋಗ ಇದೆ, ಅದು ತರಬೇತಿಯಿಂದ ಬಂದದ್ದು ಅಥವಾ ಹೆಚ್ಚಾದದ್ದು’ ಎಂದು ಹೇಳಬೇಕು. ಎರಡನ್ನೂ ಒಂದೇ ಅರ್ಜಿಯಲ್ಲಿ ಬೆರೆಸಿ ಬರೆದರೆ ಓದುವ ಅಧಿಕಾರಿ ಒಂದನ್ನು ಹಿಡಿದು ಇನ್ನೊಂದನ್ನು ತಳ್ಳಿಹಾಕುತ್ತಾನೆ. ಕೇಳಲೇಬೇಕೆಂದಿದ್ದರೆ ಒಂದನ್ನು ಮುಖ್ಯ ಬೇಡಿಕೆಯಾಗಿಯೂ, ಅದು ಆಗದಿದ್ದರೆ ಇನ್ನೊಂದು ಎಂದು ಪರ್ಯಾಯವಾಗಿಯೂ ಸ್ಪಷ್ಟವಾಗಿ ಬೇರ್ಪಡಿಸಿ ಬರೆಯಬೇಕು.

ಎರಡನೆಯದಾಗಿ, ಬಿಡುಗಡೆ ಪತ್ರದಲ್ಲಿ ಯಾವ ನಿಯಮ ನಮೂದಾಗಿದೆ ಎಂಬುದನ್ನು ನೋಡಿ. 1950ರ ಸೇನಾ ಕಾಯ್ದೆಯ 22ನೇ ಕಲಮು ಮತ್ತು 1954ರ ಸೇನಾ ನಿಯಮಗಳ 13ನೇ ನಿಯಮದ ಅಡಿಯಲ್ಲಿ ಬಿಡುಗಡೆಗಳು ನಡೆಯುತ್ತವೆ. ಕಸಂ ಪರೇಡ್ ಆಗದ, ಅಂದರೆ ಪ್ರಮಾಣವಚನ ಸ್ವೀಕರಿಸದ ರಿಕ್ರೂಟರಿಗೆ ಆ ನಿಯಮದ ಕೋಷ್ಟಕದಲ್ಲಿ ಬೇರೆಯೇ ಸಾಲಿದೆ. ‘ದಕ್ಷ ಸೈನಿಕನಾಗುವ ಸಂಭವವಿಲ್ಲ’ ಎಂಬ ಕಾರಣಕ್ಕೆ ಕಳುಹಿಸುವುದೂ ಅದೇ ಸಾಲಿನ ಅಡಿಯಲ್ಲಿ. ಆಸ್ಪತ್ರೆಯಲ್ಲಿದ್ದು ತರಬೇತಿ ತಪ್ಪಿ, ಮತ್ತೆ ಮತ್ತೆ ರೆಲಿಗೇಟ್ ಆದ (ಹಿಂದಿನ ತಂಡಕ್ಕೆ ತಳ್ಳಲ್ಪಟ್ಟ) ಹುಡುಗರನ್ನು ವೈದ್ಯಕೀಯ ಮಂಡಳಿಯಿಲ್ಲದೆ ಈ ಮಾತಿನ ಮೇಲೆ ಮನೆಗೆ ಕಳುಹಿಸಿದ ಕಡತಗಳೂ ಇರುತ್ತವೆ. ಅವುಗಳಲ್ಲಿ ಪರಿಹಾರದ ಪ್ರಶ್ನೆ ಏಳುವುದೇ ಕಷ್ಟ. ನಿಮ್ಮ ತಮ್ಮನ ವಿಷಯದಲ್ಲಿ ಮಂಡಳಿ ಕುಳಿತಿದೆ ಎನ್ನುತ್ತೀರಿ. ಅದು ನಿಮಗೆ ಅನುಕೂಲವೇ.

ಇನ್ನು ಕಾಗದಪತ್ರ. ಒಂದೇ ಹಾಳೆಯನ್ನು ಹಿಡಿದು ಮೇಲ್ಮನವಿ ಬರೆಯಲು ಹೋಗಬೇಡಿ. ಸೇರ್ಪಡೆಯ ಸಮಯದ ವೈದ್ಯಕೀಯ ತಪಾಸಣಾ ಪತ್ರ, ಮಂಡಳಿಯ ಸಂಪೂರ್ಣ ನಡಾವಳಿ, ಆಸ್ಪತ್ರೆಯ ಕೇಸ್ ಶೀಟ್, ನರರೋಗ ತಜ್ಞರ ಅಭಿಪ್ರಾಯ, ಇವೆಲ್ಲವನ್ನೂ ಸಂಬಂಧಪಟ್ಟ ರೆಕಾರ್ಡ್ ಆಫೀಸಿನಿಂದ ಲಿಖಿತವಾಗಿ ಕೇಳಿ. ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯ ಅಡಿಯಲ್ಲಿ ತಮ್ಮನ ಹೆಸರಿನಲ್ಲೇ ಅರ್ಜಿ ಹಾಕಿಸಿ. ತನ್ನದೇ ವೈದ್ಯಕೀಯ ದಾಖಲೆಯನ್ನು ಕೇಳುವವನಿಗೆ ‘ಇದು ವೈಯಕ್ತಿಕ ಮಾಹಿತಿ’ ಎಂಬ ಉತ್ತರ ಕೊಡಲಾಗದು, ಮೂವತ್ತು ದಿನಗಳೊಳಗೆ ಉತ್ತರ ಬರಬೇಕು.

ಇವುಗಳ ಜೊತೆಗೆ ಬಹಳ ಮಂದಿ ಮರೆಯುವ ಎರಡು ದಾಖಲೆಗಳಿವೆ. ಒಂದು, ಆ ವಾರದ ತರಬೇತಿ ಕಾರ್ಯಕ್ರಮ ಪಟ್ಟಿ. ಹಿಂದಿನ ರಾತ್ರಿ ರೂಟ್ ಮಾರ್ಚ್ ಇತ್ತು ಎಂಬುದಕ್ಕೆ ಅದೇ ಸಾಕ್ಷಿ. ಇನ್ನೊಂದು, ಎಂ.ಐ. ರೂಮಿನ (ತರಬೇತಿ ಕೇಂದ್ರದೊಳಗಿನ ಚಿಕಿತ್ಸಾ ಕೊಠಡಿಯ) ಆ ದಿನದ ಸಿಕ್ ರಿಪೋರ್ಟ್ ಪುಸ್ತಕದ ನಮೂದು. ಕುಸಿದು ಬಿದ್ದ ಸಮಯ, ಆಗಿನ ಮೈಶಾಖ, ನಾಡಿ, ಯಾರು ಎತ್ತಿಕೊಂಡು ಬಂದರು ಎಂಬುದೆಲ್ಲ ಅಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಕೈಬರಹದಲ್ಲಿರುತ್ತದೆ. ಮಂಡಳಿ ‘ನಿಕಟ ಸಂಬಂಧವಿಲ್ಲ’ ಎಂದು ಬರೆದಿರುವಾಗ, ರಾತ್ರಿಯ ಮಾರ್ಚ್ ಮುಗಿದದ್ದು ಯಾವಾಗ, ಹುಡುಗ ಬಿದ್ದದ್ದು ಯಾವಾಗ ಎಂಬ ಎರಡು ಸಮಯಗಳನ್ನು ಅಕ್ಕಪಕ್ಕ ಇಟ್ಟು ತೋರಿಸುವುದಕ್ಕಿಂತ ಬಲವಾದ ಉತ್ತರ ಮತ್ತೊಂದಿಲ್ಲ. ಸೇನೆಯ ವೈದ್ಯಾಧಿಕಾರಿಗಳಿಗಾಗಿ 2002ರಲ್ಲಿ ಹೊರಡಿಸಿದ ಪಿಂಚಣಿ ಮಾರ್ಗದರ್ಶಿಯೇ ನಿದ್ರಾಹೀನತೆ, ದೈಹಿಕ ಬಳಲಿಕೆ, ಜ್ವರ ಮುಂತಾದವು ಫಿಟ್ಸನ್ನು ಪ್ರಚೋದಿಸಬಲ್ಲವೆಂದು ಒಪ್ಪುತ್ತದೆ, ತೀವ್ರ ಸೇನಾ ತರಬೇತಿಯನ್ನೂ ಹೆಸರಿಸುತ್ತದೆ. ಈಗ ಜಾರಿಯಲ್ಲಿರುವ ಮಾರ್ಗದರ್ಶಿಯ ಪಠ್ಯವನ್ನು ಜೊತೆಗಿಟ್ಟು ಓದಿಸಿ.

ಉತ್ತರ (ವಕೀಲರು, ಬೆಂಗಳೂರು)

ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ. ಕಾನೂನಿನ ಕಡೆಯಿಂದ ಕೆಲವು ಮಾತುಗಳನ್ನು ಸೇರಿಸುತ್ತೇನೆ.

ಅಂತರ್ಜಾಲದಲ್ಲಿ ಹುಡುಕಿದರೆ ಎಲ್ಲರೂ ನಿಮಗೆ 2013ರ ಧರಮ್‌ವೀರ್ ಸಿಂಗ್ ಪ್ರಕರಣದ ಸುಪ್ರೀಂ ಕೋರ್ಟ್ ತೀರ್ಪನ್ನೇ ತೋರಿಸುತ್ತಾರೆ. ಅದೂ ಫಿಟ್ಸ್ ಕಾರಣದಿಂದ ಹೊರಬಂದ ಸೈನಿಕನ ಪ್ರಕರಣವೇ. ಸೇರುವಾಗ ದಾಖಲೆಯಲ್ಲಿ ರೋಗದ ಉಲ್ಲೇಖವಿಲ್ಲದಿದ್ದರೆ ಆರೋಗ್ಯ ಕೆಟ್ಟದ್ದು ಸೇವೆಯಿಂದಲೇ ಎಂದು ಭಾವಿಸಬೇಕು, ಹಾಗಲ್ಲವೆಂದು ಹೇಳುವ ಮಂಡಳಿ ಕಾರಣ ಕೊಡಬೇಕು, ರುಜುವಾತಿನ ಹೊರೆ ಸೈನಿಕನ ಮೇಲಿಲ್ಲ ಎಂಬುದು ಅದರ ಸಾರ. 2014ರ ಸುಖ್‌ವಿಂದರ್ ಸಿಂಗ್ ತೀರ್ಪು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸೇವೆಯಿಂದ ಹೊರಹಾಕುವಷ್ಟು ಅಂಗವೈಕಲ್ಯವಿದ್ದರೆ ಅದು 20 ಪ್ರತಿಶತಕ್ಕಿಂತ ಹೆಚ್ಚೆಂದೇ ಭಾವಿಸಬೇಕೆಂದಿತು. ಕಾರಣವಿಲ್ಲದ ವೈದ್ಯಕೀಯ ಅಭಿಪ್ರಾಯ ನಿಲ್ಲದು ಎಂಬುದನ್ನು 2025ರ ಮೇ ತಿಂಗಳಿನ ರಾಜುಮೋನ್ ತೀರ್ಪು ಮತ್ತೆ ಹೇಳಿದೆ.

ಆದರೆ ಇವುಗಳನ್ನು ಕುರುಡಾಗಿ ನೆಚ್ಚಬೇಡಿ. ಧರಮ್‌ವೀರ್ ತೀರ್ಪು ಅಂಗವೈಕಲ್ಯ ಪಿಂಚಣಿ ಕುರಿತ 1982ರ ಅರ್ಹತಾ ನಿಯಮಗಳ ಭಾಷೆಯ ಮೇಲೆ ನಿಂತಿದೆ. 2008ರ ನಿಯಮಗಳೂ 2023ರ ಸೆಪ್ಟೆಂಬರ್ 21ರಿಂದ ಜಾರಿಗೆ ಬಂದ ನಿಯಮಗಳೂ ಸೈನಿಕನ ಪರವಾಗಿ ಅಷ್ಟು ಉದಾರವಾಗಿಲ್ಲ. 2019ರ ನರಸಿಂಗ್ ಯಾದವ್ ಪ್ರಕರಣದಲ್ಲಿ, ಮಾನಸಿಕ ಕಾಯಿಲೆಗಳು ಸೇರ್ಪಡೆಯ ತಪಾಸಣೆಯಲ್ಲಿ ಕಾಣುವಂಥವಲ್ಲ ಎಂಬ ನೆಲೆಯಲ್ಲಿ ಸುಪ್ರೀಂ ಕೋರ್ಟೇ ಮಂಡಳಿಯ ಅಭಿಪ್ರಾಯವನ್ನು ಎತ್ತಿಹಿಡಿದಿದೆ. ಮೇಲಾಗಿ ನಿಮ್ಮ ತಮ್ಮ ಅಗ್ನಿವೀರ. ಅವನಿಗೆ ಅಂಗವೈಕಲ್ಯ ಪಿಂಚಣಿ ಇಲ್ಲ. 2022ರ ಯೋಜನೆಯ ಷರತ್ತಿನಂತೆ, ಅಂಗವೈಕಲ್ಯವು ಸೇವೆಯಿಂದ ಉಂಟಾದದ್ದು ಅಥವಾ ಉಲ್ಬಣಗೊಂಡದ್ದು ಎಂದು ವೈದ್ಯಾಧಿಕಾರಿಗಳು ಒಪ್ಪಿದರೆ ಮಾತ್ರ 100, 75, 50 ಪ್ರತಿಶತಕ್ಕೆ ಕ್ರಮವಾಗಿ 44, 25, 15 ಲಕ್ಷ ರೂಪಾಯಿಗಳ ಒಂದು ಬಾರಿಯ ಪರಿಹಾರವೂ, ಅಗ್ನಿವೀರರ ನಾಲ್ಕು ವರ್ಷಗಳ ಸೇವೆಯಲ್ಲಿ ಉಳಿದ ಅವಧಿಯ ವೇತನ ಮತ್ತು ಸೇವಾ ನಿಧಿಯ (ಅವಧಿ ಮುಗಿದಾಗ ಕೊಡುವ ಇಡುಗಂಟಿನ) ಪಾಲೂ ಸಿಗುತ್ತವೆ. ಹಾಗಾಗಿ ಆ ಒಂದು ಸಾಲಿನ ಅಭಿಪ್ರಾಯವೇ ನಿಮ್ಮ ಇಡೀ ಪ್ರಕರಣ.

ದಾರಿ ಹೀಗಿದೆ. ಮೊದಲು ಸೇನೆಯೊಳಗೇ ಲಿಖಿತ ಮನವಿ ಸಲ್ಲಿಸಿ, ಮೇಲ್ಮನವಿ ವೈದ್ಯಕೀಯ ಮಂಡಳಿಯ ಮುಂದೆ ಮರುಪರೀಕ್ಷೆ ಬೇಕೆಂದು ಅದರಲ್ಲಿ ಸ್ಪಷ್ಟವಾಗಿ ಕೇಳಿ. ಸ್ಪೀಡ್ ಪೋಸ್ಟಿನ ರಸೀದಿಯನ್ನು ಜೋಪಾನ ಮಾಡಿ, ಏಕೆಂದರೆ ಕಾಲಮಿತಿಯ ಲೆಕ್ಕ ಅಲ್ಲಿಂದ ಶುರು. 2007ರ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಕಾಯ್ದೆಯ 21ನೇ ಕಲಮಿನಂತೆ, ಒಳಗಿನ ಪರಿಹಾರ ಮಾರ್ಗಗಳನ್ನು ಬಳಸಿಕೊಳ್ಳದೆ ಬಂದವರ ಅರ್ಜಿಯನ್ನು ನ್ಯಾಯಮಂಡಳಿ ಸಾಮಾನ್ಯವಾಗಿ ಸ್ವೀಕರಿಸುವುದಿಲ್ಲ. ಅಂತಿಮ ಆದೇಶ ಬಂದರೆ ಅಂದಿನಿಂದ ಆರು ತಿಂಗಳು, ಉತ್ತರವೇ ಬಾರದಿದ್ದರೆ ಮನವಿ ಸಲ್ಲಿಸಿ ಆರು ತಿಂಗಳು ಕಾದು ಅದರ ನಂತರದ ಆರು ತಿಂಗಳು ನಿಮಗಿರುವ ಅವಧಿ. ತಡವಾದರೆ ಸಕಾರಣ ನೀಡಿ ಮನ್ನಾ ಕೇಳಬಹುದು. ಬಿಡುಗಡೆಯಾದವನು ತಾನು ವಾಸವಿರುವ ಊರಿನ ವ್ಯಾಪ್ತಿಯ ಪೀಠದಲ್ಲೇ ಅರ್ಜಿ ಹಾಕಬಹುದು; ಕರ್ನಾಟಕಕ್ಕೆ ಅದು ಕೊಚ್ಚಿಯ ಪೀಠ. ನ್ಯಾಯಮಂಡಳಿಯ ಆದೇಶದ ವಿರುದ್ಧ ಹೈಕೋರ್ಟಿನ ರಿಟ್ ಅಧಿಕಾರ ಮುಚ್ಚಿಹೋಗಿಲ್ಲವೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಪರಶೋತ್ತಮ್ ದಾಸ್ ಪ್ರಕರಣದಲ್ಲಿ ಹೇಳಿದೆ.

ಇದನ್ನು ಓದುವವರಲ್ಲಿ ಅಧಿಕಾರಿ ಕೆಡೆಟ್‌ಗಳ (ಸೇನಾಧಿಕಾರಿಯಾಗಲು ತರಬೇತಿ ಪಡೆಯುವವರ) ಮನೆಯವರಿದ್ದರೆ, ನಿಮ್ಮ ನಿಯಮಗಳೇ ಬೇರೆ. ತರಬೇತಿಯಲ್ಲಿ ಅಂಗವಿಕಲರಾಗಿ ಹೊರಬಿದ್ದ ಕೆಡೆಟ್‌ಗಳ ಸ್ಥಿತಿಯನ್ನು 2025ರ ಆಗಸ್ಟ್‌ನಲ್ಲಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಸುಪ್ರೀಂ ಕೋರ್ಟ್ ಪೀಠ ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಂಡಿತು, ಅದೇ ತಿಂಗಳಲ್ಲಿ ಅವರಿಗೆ ಮಾಜಿ ಸೈನಿಕರ ಆರೋಗ್ಯ ಯೋಜನೆಯನ್ನು ವಿಸ್ತರಿಸಲಾಯಿತು.

ಉತ್ತರ (ನರರೋಗ ವಿಭಾಗದ ವೈದ್ಯೆ)

ವೈದ್ಯಕೀಯವಾಗಿ ಇಲ್ಲಿ ಕೇಳಬೇಕಾದ ಪ್ರಶ್ನೆಯನ್ನು ಯಾರೂ ಇನ್ನೂ ಕೇಳಿಲ್ಲ. ಒಮ್ಮೆ ಫಿಟ್ಸ್ ಬಂದ ಮಾತ್ರಕ್ಕೆ ಅದು ಅಪಸ್ಮಾರವಲ್ಲ (ಮೂರ್ಛೆರೋಗವಲ್ಲ). ಅಂತರರಾಷ್ಟ್ರೀಯ ಅಪಸ್ಮಾರ ವಿರೋಧಿ ಸಂಘದ 2014ರ ವ್ಯಾಖ್ಯೆಯಂತೆ, ಪ್ರಚೋದನೆಯಿಲ್ಲದೆ (ತಕ್ಷಣದ ಕಾರಣವೊಂದಿಲ್ಲದೆ) ಎರಡು ಬಾರಿ, 24 ಗಂಟೆಗಳಿಗಿಂತ ಹೆಚ್ಚಿನ ಅಂತರದಲ್ಲಿ ಬಂದಿರಬೇಕು. ಅಥವಾ ಒಂದೇ ಬಾರಿ ಬಂದಿದ್ದರೂ ಮುಂದಿನ ಹತ್ತು ವರ್ಷಗಳಲ್ಲಿ ಮರುಕಳಿಸುವ ಸಂಭವ ಕನಿಷ್ಠ 60 ಪ್ರತಿಶತವಿದೆಯೆಂದು ಪರೀಕ್ಷೆಗಳಿಂದ ಕಾಣಬೇಕು. ಆದ್ದರಿಂದ ಇಇಜಿಯ ಆ ‘ಸಣ್ಣ ವ್ಯತ್ಯಾಸ’ ಯಾವ ಬಗೆಯದು ಎಂಬುದೇ ನಿರ್ಣಾಯಕ. ಅಪಸ್ಮಾರವನ್ನು ಸೂಚಿಸುವ ಅಲೆಗಳೇ ಅಥವಾ ಯಾರಲ್ಲಿ ಬೇಕಾದರೂ ಕಾಣಬಹುದಾದ ಅಸ್ಪಷ್ಟ ಬದಲಾವಣೆಯೇ? ವರದಿಯ ಪ್ರತಿ ಮಾತ್ರವಲ್ಲ, ಮೂಲ ದಾಖಲೀಕರಣವನ್ನೂ ಕೇಳಿ.

ಬಿದ್ದ ದಿನದ ರಕ್ತಪರೀಕ್ಷೆಯಲ್ಲಿ ಸೋಡಿಯಂ ಮತ್ತು ಸಕ್ಕರೆ ಎಷ್ಟಿತ್ತೆಂದೂ ನೋಡಿ. ದೀರ್ಘ ನಡಿಗೆಯಲ್ಲಿ ಬೆವರು ಹರಿದು, ಬರೀ ನೀರನ್ನೇ ವಿಪರೀತ ಕುಡಿದವರಲ್ಲಿ ಸೋಡಿಯಂ ಕುಸಿದು ಫಿಟ್ಸ್ ಬರುವುದುಂಟು, ಶಾಖಾಘಾತದಲ್ಲಿಯೂ ಬರುವುದುಂಟು. ಅಂಥ ಕಾರಣ ಸಿಕ್ಕರೆ ರೋಗನಿರ್ಣಯವನ್ನೇ ಪ್ರಶ್ನಿಸಲು ಗಟ್ಟಿ ಆಧಾರವಾಗುತ್ತದೆ. ಬರೀ ನಿದ್ರೆಗೆಟ್ಟಿದ್ದು ಸಾಲದು, ಏಕೆಂದರೆ ನಿದ್ರಾಹೀನತೆಯಿಂದ ಬಂದ ಫಿಟ್ಸನ್ನು ನಾವು ಸಾಮಾನ್ಯವಾಗಿ ಪ್ರಚೋದಿತ ವರ್ಗಕ್ಕೆ ಸೇರಿಸುವುದಿಲ್ಲ. ಅದು ನಿಮ್ಮ ತಂದೆಯವರ ಬೇಡಿಕೆಗೆ ನೆರವಾದೀತು, ತಮ್ಮನ ಬೇಡಿಕೆಗಲ್ಲ.

ಒಂದು ಎಚ್ಚರಿಕೆ. ವರದಿ ಚೆನ್ನಾಗಿ ಬರಲಿ ಎಂದು ಮಾತ್ರೆಯನ್ನು ತಾನಾಗಿ ನಿಲ್ಲಿಸುವುದು ಬೇಡ. ಹಠಾತ್ತನೆ ನಿಲ್ಲಿಸಿದಾಗ ಬರುವ ಫಿಟ್ಸ್ ಅಪಾಯಕರ, ಮತ್ತು ಹಾಗೆ ಬಂದರೆ ಮಂಡಳಿಯ ಅಭಿಪ್ರಾಯವನ್ನು ನೀವೇ ಸಾಬೀತು ಮಾಡಿಕೊಟ್ಟಂತೆ.

ಪ್ರತಿಕ್ರಿಯೆ (ತುಂಗಾತೀರ)

ಎಲ್ಲರಿಗೂ ಧನ್ಯವಾದಗಳು. ತಮ್ಮನೊಂದಿಗೆ ಕುಳಿತು ಇದೆಲ್ಲವನ್ನೂ ಓದಿದೆವು. ಮಾರ್ಚ್ ವೇಳೆ ನೀರಿನ ಬಾಟಲಿಯನ್ನು ಮತ್ತೆ ಮತ್ತೆ ತುಂಬಿಸಿಕೊಂಡು ಕುಡಿದದ್ದು ಅವನಿಗೆ ನೆನಪಿದೆ, ರಕ್ತಪರೀಕ್ಷೆಯ ವರದಿ ಮಾತ್ರ ನಮ್ಮ ಬಳಿ ಇಲ್ಲ. ದಾಖಲೆಗಳು ಬರುವವರೆಗೆ ಮನವಿಯನ್ನು ತಡೆಹಿಡಿಯಬೇಕೇ? ಅರ್ಜಿಗೆ ನಾನೇ ಸಹಿ ಹಾಕಬಹುದೇ?

ಉತ್ತರ (ಹಳೆಯ ರೆಕಾರ್ಡ್ ಕ್ಲರ್ಕ್)

ತಡೆಯಬೇಡಿ. ದಾಖಲೆಗಳನ್ನು ಕೋರಿದ್ದೇವೆ, ಬಂದ ಬಳಿಕ ಹೆಚ್ಚುವರಿ ವಿವರ ಸಲ್ಲಿಸುತ್ತೇವೆ ಎಂದು ಕೊನೆಯಲ್ಲಿ ಬರೆದು ಮನವಿಯನ್ನು ಈಗಲೇ ಕಳುಹಿಸಿ. ಸಹಿ ಅವನದೇ ಇರಬೇಕು, ಸೇವಾ ಸಂಖ್ಯೆಯನ್ನು ಪ್ರತಿ ಪುಟದಲ್ಲೂ ಬರೆಯಲಿ. ಮಂಡಳಿಯ ನಡಾವಳಿ ಕೈಗೆ ಬಂದಾಗ ಅದರಲ್ಲಿ ಅವನ ಸ್ವಂತ ಹೇಳಿಕೆಯ ಭಾಗವನ್ನು ಮೊದಲು ಓದಿ. ‘ಸೇರುವ ಮುನ್ನ ಈ ತೊಂದರೆ ಇತ್ತೇ’ ಎಂಬ ಪ್ರಶ್ನೆಗೆ ಅವನು ಏನು ಉತ್ತರಿಸಿದ್ದಾನೆ, ಅದು ಅವನ ಕೈಬರಹವೇ ಎಂದು ಖಚಿತಪಡಿಸಿಕೊಂಡು ಇಲ್ಲಿ ತಿಳಿಸಿ, ಮುಂದಿನದನ್ನು ಅದನ್ನು ನೋಡಿ ಹೇಳುತ್ತೇನೆ.