1881ರ ಕಾರ್ಖಾನೆ ಕಾಯ್ದೆಯೂ ಜಗಲಿಯ ಬೀಡಿ ಕೆಲಸವೂ

ಪ್ರಶ್ನೆ (ಕುಂಬಳೆಯಿಂದ)

ನನ್ನ ಅಮ್ಮ ಮೂವತ್ತು ವರ್ಷ ಜಗಲಿಯಲ್ಲಿ ಕುಳಿತು ಬೀಡಿ ಕಟ್ಟಿದವರು. ಶಾಲೆಯಿಂದ ಬಂದ ಮೇಲೆ ಎಲೆ ಒದ್ದೆ ಮಾಡಿಡುವುದು, ಕಟ್ಟಿದ ಬೀಡಿಯ ತುದಿ ಮಡಚುವುದು ನನ್ನ ಮತ್ತು ತಂಗಿಯ ಪಾಲಿಗಿತ್ತು. ನಮ್ಮ ಸೀಮೆ ಮದ್ರಾಸು ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿಯೇ, ಅಂದರೆ 1881ರಲ್ಲಿ, ಭಾರತದ ಮೊದಲ ಕಾರ್ಖಾನೆ ಕಾಯ್ದೆ ಬಂದಿತ್ತೆಂದು ಓದಿದೆ. ಮಕ್ಕಳ ದುಡಿಮೆಗೆ ಅಷ್ಟು ಹಿಂದೆಯೇ ಮಿತಿ ಹಾಕಿದ್ದ ಮೇಲೆ, ನೂರು ವರ್ಷ ಕಳೆದರೂ ಅದು ನಮ್ಮಂಥ ಮನೆಗಳಿಗೆ ತಲುಪದೆ ಹೋದದ್ದೇಕೆ? ಹೆಂಗಸರ ಬಗ್ಗೆ ಆ ಕಾಯ್ದೆ ಏನು ಹೇಳಿತ್ತು? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1 (ಕಾಸರಗೋಡಿನ ನಿವೃತ್ತ ಅಧ್ಯಾಪಕ)

ಎರಡನೆಯ ಪ್ರಶ್ನೆಗೆ ಉತ್ತರ ಚಿಕ್ಕದು: ಹೆಂಗಸರ ಕೆಲಸದ ಹೊತ್ತಿಗೆ 1881ರ ಕಾಯ್ದೆ ಯಾವ ಮಿತಿಯನ್ನೂ ಇಡಲಿಲ್ಲ. ಏಳು ವರ್ಷ ತುಂಬದವರನ್ನು ಸೇರಿಸಿಕೊಳ್ಳಬಾರದು, 7ರಿಂದ 12 ವರ್ಷದವರನ್ನು ದಿನಕ್ಕೆ 9 ಗಂಟೆಗಿಂತ ಹೆಚ್ಚು ದುಡಿಸಬಾರದು, ಅಪಾಯದ ಯಂತ್ರಗಳಿಗೆ ಬೇಲಿ ಇರಬೇಕು ಎಂಬಷ್ಟೇ ಅದರ ಮುಖ್ಯ ನಿಯಮಗಳು. ಹೆಂಗಸರಿಗೆ ದಿನಕ್ಕೆ 11 ಗಂಟೆಯ ಮಿತಿ ಬಂದದ್ದು 1891ರ ತಿದ್ದುಪಡಿಯಿಂದ. ಮಕ್ಕಳ ಕನಿಷ್ಠ ವಯಸ್ಸು 9ಕ್ಕೆ ಏರಿದ್ದೂ ಆಗಲೇ.

ಮೊದಲ ಪ್ರಶ್ನೆಯ ಗುಟ್ಟಿರುವುದು ‘ಕಾರ್ಖಾನೆ’ ಎಂಬ ಪದಕ್ಕೆ ಕೊಟ್ಟ ಅರ್ಥದಲ್ಲಿ. ಯಂತ್ರಶಕ್ತಿಯಿಂದ ನಡೆಯುವ, 100 ಅಥವಾ ಹೆಚ್ಚು ಜನರಿರುವ ಕಡೆಗೆ ಮಾತ್ರ ಕಾಯ್ದೆ ಅನ್ವಯಿಸುತ್ತಿತ್ತು. 1891ರಲ್ಲಿ ಆ ಸಂಖ್ಯೆ 50ಕ್ಕೆ ಇಳಿಯಿತು. ಗೆರಸೆ, ಕತ್ತರಿ, ನೂಲುಂಡೆ ಇಟ್ಟುಕೊಂಡು ಮೂವರು ಕುಳಿತ ಜಗಲಿಯಲ್ಲಿ ಯಂತ್ರವೂ ಇಲ್ಲ, ನೂರು ಜನರೂ ಇಲ್ಲ.

ಉತ್ತರ 2 (ಮಂಜೇಶ್ವರದಿಂದ)

ಮಾಷ್ಟ್ರು ಹೇಳಿದ್ದು ಸರಿ, ಆದರೆ ಆ ಕಾಯ್ದೆ ಬರೀ ಕರುಣೆಯಿಂದ ಹುಟ್ಟಿದ್ದಲ್ಲ ಎಂಬುದನ್ನೂ ಸೇರಿಸಬೇಕು. ಇಂಗ್ಲೆಂಡಿನಲ್ಲಿ 1833ರ ಕಾಯ್ದೆ ಬಟ್ಟೆ ಗಿರಣಿಗಳಲ್ಲಿ 9 ವರ್ಷದೊಳಗಿನವರನ್ನು ನಿಷೇಧಿಸಿ, ತಪಾಸಣೆಗೆ ನಾಲ್ವರು ಇನ್‌ಸ್ಪೆಕ್ಟರುಗಳನ್ನು ನೇಮಿಸಿತ್ತು. ಹೆಂಗಸರನ್ನೂ ಹೊತ್ತಿನ ಮಿತಿಯೊಳಗೆ ತಂದು, ಯಂತ್ರಕ್ಕೆ ಬೇಲಿ ಕಡ್ಡಾಯ ಮಾಡಿದ್ದು 1844ರ ಕಾಯ್ದೆ. ಅಂಥ ಮಿತಿಗಳೊಳಗೆ ನಡೆಯುತ್ತಿದ್ದ ಅಲ್ಲಿನ ಲಂಕಾಶೈರ್ ಸೀಮೆಯ ಗಿರಣಿ ಮಾಲಿಕರಿಗೆ ಮುಂಬಯಿಯ ಗಿರಣಿಗಳ ಅಗ್ಗದ ದುಡಿಮೆ ಕಣ್ಣು ಕುಕ್ಕುತ್ತಿತ್ತು. ಭಾರತಕ್ಕೂ ಕಾಯ್ದೆ ಬೇಕೆಂದು ಅವರು ಒತ್ತಾಯಿಸಿದ್ದರಲ್ಲಿ ಆಶ್ಚರ್ಯವೇನಿಲ್ಲ. ಇಲ್ಲಿನ ಕೆಲಸಗಾರರ ಸ್ವಂತ ದನಿ ಕೇಳಿಸಿದ್ದು 1884ರಲ್ಲಿ, ಮುಂಬಯಿಯ ಗಿರಣಿ ಕೆಲಸಗಾರರ ಮುಂದಾಳು ನಾರಾಯಣ ಮೇಘಾಜಿ ಲೋಖಂಡೆಯವರು ಸುಮಾರು 5,500 ಸಹಿಗಳ ಮನವಿ ಸಲ್ಲಿಸಿದಾಗ. ವಾರಕ್ಕೊಂದು ರಜೆ, ನಡುಹಗಲು ಅರ್ಧ ಗಂಟೆ ಬಿಡುವು, ಗಾಯಗೊಂಡವರಿಗೆ ಪರಿಹಾರ, ಇವಿಷ್ಟು ಅದರ ಬೇಡಿಕೆಗಳಲ್ಲಿದ್ದವು.

ಉತ್ತರ 3 (ಬದಿಯಡ್ಕದಿಂದ, ವಕೀಲೆ)

ಬೀಡಿ ಕೆಲಸಗಾರರಿಗೆಂದೇ ಕಾಯ್ದೆ ಬಂದದ್ದು 1966ರಲ್ಲಿ. ಅದು ಬೀಡಿ ಶೆಡ್ಡುಗಳಲ್ಲಿ 14 ವರ್ಷದೊಳಗಿನವರನ್ನೂ, ಸಂಜೆ 7ರಿಂದ ಬೆಳಗಿನ 6ರ ತನಕ ಹೆಂಗಸರ ದುಡಿಮೆಯನ್ನೂ ನಿಷೇಧಿಸಿತು. 1986ರ ಬಾಲಕಾರ್ಮಿಕ ಕಾಯ್ದೆಯ ನಿಷೇಧಪಟ್ಟಿಯಲ್ಲಿಯೂ ಬೀಡಿ ತಯಾರಿಕೆ ಇತ್ತು. ಆದರೆ ಕುಟುಂಬದವರ ನೆರವಿನಿಂದ ನಡೆಯುವ ಕೆಲಸಕ್ಕೆ ಆ ಕಾಯ್ದೆಯಲ್ಲಿಯೇ ವಿನಾಯಿತಿ ಇಟ್ಟಿದ್ದರು. ನೀವೂ ನಿಮ್ಮ ತಂಗಿಯೂ ಕುಳಿತದ್ದು ಸರಿಯಾಗಿ ಆ ವಿನಾಯಿತಿಯೊಳಗೆ.

ಪ್ರಶ್ನೆ ಕೇಳಿದವರ ಮರುನುಡಿ

ಮೂವರಿಗೂ ಕೃತಜ್ಞತೆಗಳು. ಕಟ್ಟಿದ ಬೀಡಿ ಒಪ್ಪಿಸುವ ಕಂಪನಿಯ ಬ್ರಾಂಚಿನಲ್ಲಿ ಅಮ್ಮನ ಲೆಕ್ಕದ ಪುಸ್ತಕಕ್ಕೆ ಬರೆಯುತ್ತಿದ್ದದ್ದು ಅವರೊಬ್ಬರ ಹೆಸರು ಮಾತ್ರ. ಸಾವಿರ ಬೀಡಿಯ ಲೆಕ್ಕದಲ್ಲಿ ನಮ್ಮಿಬ್ಬರ ಬೆರಳೂ ಇದ್ದದ್ದು ಅಲ್ಲಿ ಕುಳಿತವರಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಹೊಗೆಸೊಪ್ಪಿನ ಪುಡಿ ಹಾರಿ ತಂಗಿ ಸೀನಿದರೆ ಅಮ್ಮ ಗೆರಸೆಯನ್ನು ಆಚೆ ಸರಿಸುತ್ತಿದ್ದರು, ಕೆಲಸ ನಿಲ್ಲಿಸುತ್ತಿರಲಿಲ್ಲ.